ಜೈಲಿನ ಬಾಗಿಲಲ್ಲಿ ಕೇಳಿದ ಒಂದು ಪ್ರಶ್ನೆ



ಕಳೆದ ತಿಂಗಳ ನಮ್ಮ ಯುವಜನರ ಕೂಟದಲ್ಲಿ ನಡೆದ ಒಂದು ಮಾತಿನಿಂದ ಈ ಬರಹ ಹುಟ್ಟಿತು. ನಮ್ಮ ಕಡೆಯ ಹುಡುಗನೊಬ್ಬ ಒಂದು ಕೇಸಿನಲ್ಲಿ ಐದು ವಾರ ರಿಮಾಂಡಿನಲ್ಲಿದ್ದು ಜಾಮೀನಿನ ಮೇಲೆ ಊರಿಗೆ ಬಂದ. ಬರುವಾಗ ಕೈಯಲ್ಲಿ ಟಿಬಿ ಮಾತ್ರೆಯ ಪಟ್ಟಿ ಇತ್ತು. ಆ ಭಾನುವಾರ ಚರ್ಚಿನಲ್ಲಿ ಅವನು ಕೂತ ಬೆಂಚಿನಿಂದ ಇಬ್ಬರು ಎದ್ದು ಹಿಂದಕ್ಕೆ ಹೋದರು. ಕೂಟದಲ್ಲಿ ಒಬ್ಬರು, "ಜೈಲಿಂದ ರೋಗ ಹೊತ್ತುಕೊಂಡು ಬಂದಿದ್ದಾನೆ, ಸ್ವಲ್ಪ ದಿನ ಬರೋದು ಬೇಡ ಅಂತ ಹೇಳಿ" ಎಂದರು. ನಾನು ಆಗ ಏನೂ ಹೇಳಲಿಲ್ಲ. ಬಿಎಸ್ಸಿ ಓದಿದವನು, ಸೂಕ್ಷ್ಮಜೀವಿಗಳ ಪಾಠ ಕೇಳಿದವನು, ಆದರೂ ಸುಮ್ಮನಿದ್ದೆ. ಅದು ನನ್ನ ತಪ್ಪು.

ಮರುದಿನ ಅವನ ಮನೆಗೆ ಹೋದೆ. ಅವನು ಹೇಳಿದ್ದು ಇಷ್ಟು: ಜೈಲಿಗೆ ಹೋಗುವ ಮೊದಲೇ ಒಂದೂವರೆ ತಿಂಗಳಿಂದ ಕೆಮ್ಮು ಇತ್ತು. ತೋಟದ ಕೆಲಸಕ್ಕೆ ಹೋಗುತ್ತಿದ್ದ, ತೂಕ ಇಳಿಯುತ್ತಿತ್ತು. ಮನೆಯಲ್ಲಾಗಲಿ, ಕೆಲಸದ ಜಾಗದಲ್ಲಾಗಲಿ, ಚರ್ಚಿನಲ್ಲಾಗಲಿ ಯಾರೂ ಕೇಳಲಿಲ್ಲ. ಜೈಲಿಗೆ ಸೇರಿದ ದಿನ ಅಲ್ಲಿನ ಆರೋಗ್ಯ ಸಿಬ್ಬಂದಿಯೊಬ್ಬರು ಒಂದು ಕಾಗದ ಇಟ್ಟುಕೊಂಡು, "ಕೆಮ್ಮು ಎಷ್ಟು ವಾರದಿಂದ?" ಎಂದು ಕೇಳಿದರು. ಕಫ ಪರೀಕ್ಷೆಗೆ ಕಳಿಸಿದರು. ರೋಗ ಗೊತ್ತಾಯಿತು, ಮಾತ್ರೆ ಶುರುವಾಯಿತು. ಅಂದರೆ ಅವನು ಜೈಲಿಂದ ರೋಗ ತಂದವನಲ್ಲ. ನಮ್ಮ ಮಧ್ಯೆ ಇದ್ದಾಗಲೇ ರೋಗ ಬಂದಿತ್ತು. ಪತ್ತೆಯಾದದ್ದು ಜೈಲಿನ ಬಾಗಿಲಲ್ಲಿ.

ಅವನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಮನೆ ಹೇಳುವುದಿಲ್ಲ. ಅವನ ಕೇಸು ಕೋರ್ಟಿಗೆ ಬಿಟ್ಟ ವಿಷಯ. ಆದರೆ ಆ ಒಂದು ಪ್ರಶ್ನೆ ಜೈಲಿನ ಬಾಗಿಲಿಗೆ ಬರಲು ಎಷ್ಟು ಕಾಲ ಹಿಡಿಯಿತು, ಎಷ್ಟು ಜನ ಸತ್ತರು ಎಂಬ ಚರಿತ್ರೆ ಓದಿದಾಗ ನನಗೆ ನಾಚಿಕೆಯೂ ಆಯಿತು, ಧೈರ್ಯವೂ ಬಂತು. ಅದನ್ನು ನಿಮ್ಮ ಜೊತೆ ಹಂಚಿಕೊಳ್ಳುತ್ತೇನೆ.

ಜೈಲು ಜ್ವರ

ಹಿಂದೆ ಇಂಗ್ಲೆಂಡಿನಲ್ಲಿ ಒಂದು ರೋಗಕ್ಕೆ ಜೈಲು ಜ್ವರ ಎಂದೇ ಹೆಸರಿತ್ತು. ಇಂದು ಅದನ್ನು ಟೈಫಸ್ ಎನ್ನುತ್ತೇವೆ. ಇದು ನಮಗೆ ಗೊತ್ತಿರುವ ಟೈಫಾಯಿಡ್ ಅಲ್ಲ, ಬೇರೆಯೇ ರೋಗ. 1577ರಲ್ಲಿ ಆಕ್ಸ್‌ಫರ್ಡಿನಲ್ಲಿ ಒಂದು ವಿಚಾರಣೆ ನಡೆಯಿತು. ಆರೋಪಿಗಳಲ್ಲಿ ಒಬ್ಬ ಪುಸ್ತಕಕ್ಕೆ ರಟ್ಟು ಕಟ್ಟುವ ಕಥೋಲಿಕ. ಕೈದಿಗಳನ್ನು ಜೈಲಿನಿಂದ ನ್ಯಾಯಾಲಯಕ್ಕೆ ತಂದರು. ಕೆಲವೇ ದಿನಗಳಲ್ಲಿ ನ್ಯಾಯಾಧೀಶ, ಶೆರಿಫ್, ಪಂಚರು ಮತ್ತು ಊರಿನ ನೂರಾರು ಜನ ಜ್ವರದಿಂದ ಸತ್ತರು. 1750ರಲ್ಲಿ ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯದಲ್ಲೂ ಹೀಗೇ ಆಯಿತು. ನಗರದ ಲಾರ್ಡ್ ಮೇಯರ್ ಕೂಡ ಸತ್ತವರಲ್ಲಿ ಒಬ್ಬ.

ನ್ಯಾಯಾಧೀಶರು ಸತ್ತಾಗ ಊರಿಗೆಲ್ಲ ಸುದ್ದಿಯಾಯಿತು. ಆದರೆ ಜೈಲಿನೊಳಗೆ ಜನ ದಿನವೂ ಸಾಯುತ್ತಿದ್ದರು, ಅದು ಸುದ್ದಿಯೇ ಆಗಿರಲಿಲ್ಲ.

ಅದನ್ನು ಲೆಕ್ಕಕ್ಕೆ ತಂದವನು ಜಾನ್ ಹೋವರ್ಡ್, ಭಕ್ತಿವಂತ ಕ್ರೈಸ್ತ. 1773ರಲ್ಲಿ ಬೆಡ್‌ಫರ್ಡ್‌ಶೈರಿನ ಶೆರಿಫ್ ಆದ. ಆ ಹುದ್ದೆಯಲ್ಲಿದ್ದವರು ಸಾಮಾನ್ಯವಾಗಿ ಜೈಲಿನೊಳಗೆ ಕಾಲಿಡುತ್ತಿರಲಿಲ್ಲ, ಇವನು ಇಟ್ಟ. ಕೋರ್ಟು ನಿರಪರಾಧಿ ಎಂದು ಬಿಟ್ಟವರೂ ಜೈಲರನ ಶುಲ್ಕ ಕಟ್ಟಲಾಗದೆ ಒಳಗೇ ಉಳಿದಿದ್ದನ್ನು ನೋಡಿದ. ಆಮೇಲೆ ದೇಶದ ಜೈಲುಗಳನ್ನೆಲ್ಲ ಸುತ್ತಿದ. ಒಳಗಿನ ವಾಸನೆ ಬಟ್ಟೆಗೆ ಹಿಡಿದು ಮುಚ್ಚಿದ ಗಾಡಿಯಲ್ಲಿ ಕೂರಲಾಗದೆ ಕುದುರೆಯ ಮೇಲೆ ಹೋಗುತ್ತಿದ್ದನಂತೆ. ಬರೆದುಕೊಂಡ ಪುಸ್ತಕವನ್ನೂ ಬೆಂಕಿಗೆ ಹಿಡಿದು ಕಾಯಿಸಿಯೇ ತೆರೆಯಬೇಕಿತ್ತು. ಗಲ್ಲಿಗೇರಿದವರಿಗಿಂತ ಜೈಲು ಜ್ವರದಿಂದ ಸತ್ತವರೇ ಹೆಚ್ಚು ಎಂಬುದು ಅವನ ಲೆಕ್ಕ.

1774ರಲ್ಲಿ ಪಾರ್ಲಿಮೆಂಟು ಎರಡು ಕಾಯಿದೆ ಮಾಡಿತು. ಒಂದು, ಬಿಡುಗಡೆಯಾದವರಿಂದ ಶುಲ್ಕ ಕೇಳಬಾರದು ಎಂಬುದು. ಇನ್ನೊಂದು, ಗೋಡೆಗೆ ವರ್ಷಕ್ಕೊಮ್ಮೆ ಸುಣ್ಣ ಬಳಿಯಬೇಕು, ಗಾಳಿ ಆಡಬೇಕು, ಕಾಯಿಲೆಯವರಿಗೆ ಪ್ರತ್ಯೇಕ ಕೋಣೆ, ಸ್ನಾನದ ವ್ಯವಸ್ಥೆ ಮತ್ತು ಒಬ್ಬ ವೈದ್ಯ ಇರಬೇಕು ಎಂಬುದು. ಕಾಯಿದೆ ಬಂತು, ಎಲ್ಲಾ ಕಡೆ ಜಾರಿಯಾಗಲಿಲ್ಲ. ಹೋವರ್ಡ್ ತಿರುಗುವುದನ್ನು ನಿಲ್ಲಿಸಲಿಲ್ಲ. 1790ರ ಜನವರಿಯಲ್ಲಿ, ಇಂದಿನ ಉಕ್ರೇನಿನ ಖೆರ್ಸಾನ್ ಊರಿನಲ್ಲಿ ಅವನೂ ಜ್ವರ ತಗುಲಿ ತೀರಿಕೊಂಡ.

ಟೈಫಸ್ ಹೇಗೆ ಹರಡುತ್ತದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅದು ತಿಳಿದದ್ದು 1909ರಲ್ಲಿ. ಉತ್ತರ ಆಫ್ರಿಕದ ಟ್ಯೂನಿಸ್ ನಗರದಲ್ಲಿ ಶಾರ್ಲ್ ನಿಕೋಲ್ ಎಂಬ ವಿಜ್ಞಾನಿ ಒಂದು ಸಂಗತಿ ಗಮನಿಸಿದ. ಆಸ್ಪತ್ರೆಯ ಹೊರಗೆ ರೋಗಿಯನ್ನು ಮುಟ್ಟಿದವರಿಗೆ ಜ್ವರ ಬರುತ್ತಿತ್ತು. ರೋಗಿಯ ಹಳೆ ಬಟ್ಟೆ ತೆಗೆದು, ಸ್ನಾನ ಮಾಡಿಸಿ ವಾರ್ಡಿಗೆ ಸೇರಿಸಿದ ಮೇಲೆ ಪಕ್ಕದವರಿಗೆ ಅಂಟುತ್ತಿರಲಿಲ್ಲ. ಹಾಗಾದರೆ ರೋಗ ಬಾಗಿಲಲ್ಲೇ ಉಳಿಯುತ್ತಿದೆ, ಬಟ್ಟೆಯಲ್ಲಿ ಏನೋ ಇದೆ ಎಂದು ಯೋಚಿಸಿದ. ಪ್ರಯೋಗ ಮಾಡಿ ನೋಡಿದಾಗ ರೋಗ ಹರಡುತ್ತಿದ್ದದ್ದು ಬಟ್ಟೆಯಲ್ಲಿರುವ ಕೂರೆ ಎಂಬ ಹೇನಿನಿಂದ. 1928ರಲ್ಲಿ ಅವನಿಗೆ ನೊಬೆಲ್ ಬಂತು. ಒಳಗೆ ಬರುವವನನ್ನು ಬಾಗಿಲಲ್ಲೇ ಗಮನಿಸಿ ಉಪಚರಿಸಿದರೆ ಒಳಗಿನ ಎಲ್ಲರೂ ಉಳಿಯುತ್ತಾರೆ ಎಂಬ ಪಾಠ ಅಲ್ಲಿ ಸಿಕ್ಕಿತು.

ಬೈಕುಲ್ಲಾ ಜೈಲಿನ ಕೈದಿಗಳು

ಈಗ ನಮ್ಮ ದೇಶಕ್ಕೆ ಬರೋಣ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿ ಪ್ರದೇಶದಲ್ಲಿ ಜನ ಜ್ವರ ಬಂದು ಸಾಯತೊಡಗಿದರು. ಅದು ಪ್ಲೇಗು ಎಂದು ಗುರುತಿಸಿದವರು ಗೋವಾ ಮೂಲದ ಕ್ರೈಸ್ತ ವೈದ್ಯ ಅಕಾಸಿಯೊ ವಿಯೆಗಸ್. ಸರಕಾರ ಕರೆಸಿಕೊಂಡದ್ದು ವಾಲ್ಡೆಮರ್ ಹಾಫ್‌ಕಿನ್ ಎಂಬ ಯೆಹೂದಿ ವಿಜ್ಞಾನಿಯನ್ನು. ಇವನು ಹುಟ್ಟಿದ್ದು ಒಡೆಸಾದಲ್ಲಿ, ಹೋವರ್ಡ್ ಸತ್ತ ಖೆರ್ಸಾನಿಗೆ ಹೆಚ್ಚು ದೂರವಲ್ಲದ ಊರು. ಭಾರತದಲ್ಲಿ ಅದಾಗಲೇ ಕಾಲರಾ ಲಸಿಕೆ ಹಾಕಿ ಹೆಸರು ಮಾಡಿದ್ದ. ಗಯಾ ಜೈಲಿನಲ್ಲಿ 1894ರಲ್ಲಿ ಕಾಲರಾ ಬಂದಾಗಲೂ ಅಲ್ಲಿನ ಕೈದಿಗಳಿಗೆ ಅವನ ಲಸಿಕೆ ಕೊಟ್ಟಿದ್ದರು.

ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅವನಿಗೆ ಸಿಕ್ಕಿದ್ದು ಪುಟ್ಟ ಜಾಗ, ಬೆರಳೆಣಿಕೆಯ ಸಹಾಯಕರು. ಪ್ಲೇಗಿನ ಬ್ಯಾಕ್ಟೀರಿಯಾ ಬೆಳೆಸಲು ಮಾಂಸದ ಸಾರು ಬೇಕು. ದನ ಮತ್ತು ಹಂದಿಯ ಮಾಂಸ ಬಳಸಿದರೆ ಹಿಂದೂಗಳೂ ಮುಸಲ್ಮಾನರೂ ಲಸಿಕೆ ಬೇಡ ಎನ್ನುತ್ತಾರೆಂದು ಆಡಿನ ಮಾಂಸ ಬಳಸಿದ. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟ. ಬ್ಯಾಕ್ಟೀರಿಯಾ ತುಪ್ಪಕ್ಕೆ ಅಂಟಿ ಕೆಳಕ್ಕೆ ಬಿಳಲಿನ ಹಾಗೆ ಇಳಿದು ಬೆಳೆಯುತ್ತಿತ್ತು. ಅದನ್ನು ಬಿಸಿ ಮಾಡಿ ಸಾಯಿಸಿದರೆ ಲಸಿಕೆ. 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡ. ಜ್ವರ ಬಂತು, ನೋವು ಬಂತು, ಇಳಿಯಿತು.

ಅದೇ ತಿಂಗಳ ಕೊನೆಗೆ ಬೈಕುಲ್ಲಾ ಜೈಲಿಗೆ ಪ್ಲೇಗು ನುಗ್ಗಿತು. ಅಲ್ಲಿ ಸುಮಾರು ಮುನ್ನೂರು ಕೈದಿಗಳು. ಲಸಿಕೆ ಬೇಕಾದವರು ಮುಂದೆ ಬರಲಿ ಎಂದಾಗ ಹೆಚ್ಚುಕಡಿಮೆ ಅರ್ಧದಷ್ಟು ಜನ ಬಂದರು. ಉಳಿದರ್ಧ ಬರಲಿಲ್ಲ. ಎರಡೂ ಗುಂಪಿಗೆ ಒಂದೇ ಊಟ, ಒಂದೇ ನೀರು, ಒಂದೇ ಕೆಲಸ, ಒಂದೇ ಛಾವಣಿ. ಪ್ಲೇಗು ನಿಲ್ಲುವ ಹೊತ್ತಿಗೆ ಲಸಿಕೆ ತೆಗೆದುಕೊಳ್ಳದವರಲ್ಲಿ 12 ಜನರಿಗೆ ರೋಗ ಬಂದು 6 ಜನ ಸತ್ತಿದ್ದರು. ತೆಗೆದುಕೊಂಡವರಲ್ಲಿ 2 ಜನರಿಗೆ ಮಾತ್ರ ರೋಗ ಬಂತು, ಯಾರೂ ಸಾಯಲಿಲ್ಲ.

ಆ ಫಲಿತಾಂಶದ ಬಲದ ಮೇಲೆಯೇ ಲಸಿಕೆ ಹೊರಗೆ ಹೋಯಿತು. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಪ್ಲೇಗು ಹಾವಳಿ ಮಾಡಿದಾಗ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ಮುಂದಾಳತ್ವದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಹಾಫ್‌ಕಿನ್ ಲಸಿಕೆ ಹಾಕಿದರು. ಧಾರವಾಡ ಕಡೆಯೂ ಹಾಕಿದರು. ಅದೇ ವರ್ಷ ಬೆಂಗಳೂರಿಗೂ ಪ್ಲೇಗು ಬಂತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಭಯದ ಕಾಲದಲ್ಲೇ. ಹುಬ್ಬಳ್ಳಿಯ ಮನೆಗಳಲ್ಲಿ ಬದುಕಿ ಉಳಿದವರು ಬೈಕುಲ್ಲಾದ ಆ ಕೈದಿಗಳಿಗೆ ಋಣಿಗಳು. ಹಾಫ್‌ಕಿನ್ ಹೆಸರಿನ ಸಂಸ್ಥೆ ಮುಂಬಯಿಯಲ್ಲಿ ಇಂದಿಗೂ ಇದೆ. ತೋಳು ಚಾಚಿದ ಕೈದಿಗಳ ಹೆಸರು ನಮಗ್ಯಾರಿಗೂ ಗೊತ್ತಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಜೈಲಿನಲ್ಲಿರುವವನು "ಆಗಲಿ" ಎಂದರೆ ಅದು ನಿಜಕ್ಕೂ ಅವನ ಸ್ವಂತ ಇಷ್ಟವೇ? ಹೊರಗೆ ಹೋಗುವ ದಾರಿ ಇಲ್ಲದವನು, ಪಕ್ಕದಲ್ಲಿ ಹೆಣ ಬೀಳುವುದನ್ನು ನೋಡುತ್ತಿರುವವನು ಹೇಳಿದ ಒಪ್ಪಿಗೆ ಅದು. ಅವರಿಂದ ಒಳ್ಳೆಯದಾಯಿತು ಎಂಬುದರಿಂದ ಈ ಪ್ರಶ್ನೆ ಮುಗಿಯುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಸೆರೆಯಾಳುಗಳ ಮೇಲೆ ಮಾಡಿದ ಕ್ರೂರ ಪ್ರಯೋಗಗಳು ಬಯಲಾದ ಮೇಲೆ, 1947ರಲ್ಲಿ ನ್ಯೂರೆಂಬರ್ಗ್ ನ್ಯಾಯಾಲಯ ಇದನ್ನು ನಿಯಮವಾಗಿ ಬರೆಯಿತು: ಮನುಷ್ಯನ ಸ್ವಇಚ್ಛೆಯ ಒಪ್ಪಿಗೆ ಇಲ್ಲದೆ ಪ್ರಯೋಗ ಕೂಡದು.

ಇನ್ನೊಂದು ಮುಖವೂ ಇದೆ. 1897ರ ಫೆಬ್ರವರಿಯಲ್ಲಿ ಸರಕಾರ ಸಾಂಕ್ರಾಮಿಕ ರೋಗಗಳ ಕಾಯಿದೆ ತಂದಿತು. ಪುಣೆಯಲ್ಲಿ ಸೈನಿಕರು ಮನೆ ನುಗ್ಗಿ ಜನರನ್ನು ತಪಾಸಣೆ ಮಾಡಿದ ರೀತಿಗೆ ಊರೇ ಸಿಡಿಯಿತು. ಜೂನಿನಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿತು. ತಪಾಸಣೆ ಎಂಬುದು ಪ್ರೀತಿಯಿಂದಲೂ ನಡೆಯಬಹುದು, ಭಯದಿಂದಲೂ ನಡೆಯಬಹುದು. ಅದೇ ಕಾಯಿದೆ 2020ರಲ್ಲಿ ಕೋವಿಡ್ ಕಾಲದಲ್ಲೂ ಬಳಕೆಗೆ ಬಂತು. ಮುತ್ತಂಗ ಚೆಕ್‌ಪೋಸ್ಟಿನಲ್ಲಿ ಗುಂಡ್ಲುಪೇಟೆ ಕಡೆಯಿಂದ ಬಂದವರು ಸಾಲು ನಿಂತದ್ದು, ಹಣೆಗೆ ಥರ್ಮಾಮೀಟರ್ ಹಿಡಿದದ್ದು ಕಲ್ಲೂರಿನ ನಮಗೆ ಮರೆಯುವಂಥದ್ದಲ್ಲ. ನಮ್ಮದೇ ನೆಂಟರು ಗಡಿ ದಾಟಿ ಬಂದಾಗ ನಾವೇ ದೂರ ಸರಿದು ನಿಂತದ್ದೂ ನೆನಪಿದೆ.

ತುಮಕೂರು ಮತ್ತು ಮದ್ರಾಸು

ಜೈಲಿನಲ್ಲಿ ನಮ್ಮ ಹುಡುಗನನ್ನು ಕೇಳಿದ ಆ ಪ್ರಶ್ನೆಗೂ ಒಂದು ಚರಿತ್ರೆ ಇದೆ, ಅದು ಕರ್ನಾಟಕದ್ದು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಹಳ್ಳಿಯವರಿಗೆ ಟಿಬಿ ಬಗ್ಗೆ ತಿಳಿವಳಿಕೆ ಇಲ್ಲ, ಎಕ್ಸ್‌ರೇ ಗಾಡಿ ತಂದು ನಾವೇ ಹುಡುಕಬೇಕು ಎಂಬ ಭಾವನೆ ಆಗ ಇತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನೇ ಮಾತಾಡಿಸಿದರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಹೆಚ್ಚಿನ ರೋಗಿಗಳಿಗೆ ತಮಗೇನೋ ಆಗಿದೆ ಎಂದು ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಅದಕ್ಕಾಗಿ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಎಷ್ಟೋ ಜನ ಕೆಮ್ಮಿನ ಔಷಧದ ಬಾಟಲಿ ಹಿಡಿದು ವಾಪಸಾಗಿದ್ದರು, ಯಾಕೆಂದರೆ ಅಲ್ಲಿ ಟಿಬಿ ಇರಬಹುದೆಂದು ಯಾರೂ ಯೋಚಿಸಿರಲಿಲ್ಲ. ಕೆಮ್ಮು ಎಷ್ಟು ದಿನದಿಂದ ಎಂದು ಕೇಳಿ, ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಸರಳ ದಾರಿಯನ್ನು ದೇಶ ಹಿಡಿದದ್ದು ಇಂಥ ಕೆಲಸಗಳಿಂದ.

ಮದ್ರಾಸಿನಲ್ಲಿ 1956ರಲ್ಲಿ ಶುರುವಾದ ಇನ್ನೊಂದು ಅಧ್ಯಯನ ಚರ್ಚಿನ ಬೆಂಚಿನಿಂದ ಎದ್ದು ಹೋದವರಿಗೆ ಉತ್ತರ ಕೊಡುತ್ತದೆ. ಆಗ ಟಿಬಿ ಎಂದರೆ ಸ್ಯಾನಿಟೋರಿಯಮ್ಮಿಗೆ ಸೇರಿಸಿ ದೂರ ಇಡುವುದು ರೂಢಿ. ಮದ್ರಾಸಿನಲ್ಲಿ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ಯಾನಿಟೋರಿಯಮ್ಮಿನಲ್ಲಿ, ಇನ್ನೊಂದಕ್ಕೆ ಮನೆಯಲ್ಲೇ ಅದೇ ಔಷಧ ಕೊಟ್ಟರು. ಮನೆ ಎಂದರೆ ಒಂದೇ ಕೋಣೆಯ, ಊಟಕ್ಕೂ ಕಷ್ಟದ ಮನೆಗಳು. ಗುಣವಾಗುವುದರಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಅದಕ್ಕಿಂತ ಮುಖ್ಯವಾಗಿ, ರೋಗಿ ಮನೆಯಲ್ಲೇ ಇದ್ದ ಕುಟುಂಬಗಳಲ್ಲಿ ಹೆಚ್ಚು ಜನರಿಗೆ ಟಿಬಿ ಬರಲಿಲ್ಲ. ರೋಗ ಹರಡುವುದು ಹೆಚ್ಚಾಗಿ ಪತ್ತೆಯಾಗುವ ಮೊದಲು. ಸರಿಯಾದ ಮಾತ್ರೆ ಶುರುವಾದ ಮೇಲೆ ಹರಡುವ ಶಕ್ತಿ ಬೇಗ ಇಳಿಯುತ್ತದೆ. ಅಂದರೆ ನಮ್ಮ ಹುಡುಗ ಯಾರಿಗೂ ಗೊತ್ತಿಲ್ಲದೆ ಕೆಮ್ಮುತ್ತಾ ನಮ್ಮ ಜೊತೆ ಹಾಡುತ್ತಿದ್ದಾಗ ಅಪಾಯವಿತ್ತು. ಮಾತ್ರೆ ತಿನ್ನುತ್ತಾ ಬಂದು ಕೂತಾಗ ಅಲ್ಲ.

ಗೋಡೆಯ ಒಳಗೆ

ಜೈಲಿನಲ್ಲಿ ಟಿಬಿ ಯಾಕೆ ಹೆಚ್ಚು ಎಂಬುದಕ್ಕೆ ದೊಡ್ಡ ವಿಜ್ಞಾನ ಬೇಡ. ಕೆಮ್ಮಿದಾಗ ಬರುವ ಅತಿ ಸಣ್ಣ ಹನಿಗಳು ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತವೆ. ಕಿಟಕಿ ಕಡಿಮೆ, ಜನ ಹೆಚ್ಚು, ರಾತ್ರಿಯಿಡೀ ಬಾಗಿಲು ಬೀಗ. 2021ರ ಕೊನೆಯ ಸರಕಾರಿ ಲೆಕ್ಕದಲ್ಲಿ ನಮ್ಮ ದೇಶದ ಜೈಲುಗಳಲ್ಲಿ 100 ಜನರ ಜಾಗದಲ್ಲಿ ಸರಾಸರಿ 130 ಜನ ಇದ್ದರು. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ವಿಚಾರಣಾಧೀನ ಕೈದಿಗಳು, ಅಂದರೆ ತಪ್ಪು ಮಾಡಿದ್ದಾರೆಂದು ಕೋರ್ಟು ಇನ್ನೂ ಹೇಳದವರು. ಬಹುಪಾಲು ಬಡವರು.

ಇದು ನಮಗೆ ದೂರದ ಮಾತಲ್ಲ. 2003ರ ಫೆಬ್ರವರಿ 19ರಂದು ಮುತ್ತಂಗದಲ್ಲಿ ಗುಂಡು ಹಾರಿದ ಮೇಲೆ ನಮ್ಮ ಸುತ್ತಲಿನ ಎಷ್ಟೋ ಆದಿವಾಸಿಗಳು, ಹೆಂಗಸರು ಸಮೇತ, ಜೈಲು ಕಂಡರು.

1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಎಲ್ಲಾ ರಾಜ್ಯಗಳಿಗೂ ಪತ್ರ ಬರೆಯಿತು. ಆಗ ಆಯೋಗದ ಅಧ್ಯಕ್ಷರಾಗಿದ್ದವರು ಕನ್ನಡಿಗರೇ ಆದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯ. ಜೈಲು ಸಾವುಗಳಲ್ಲಿ ಟಿಬಿಯ ಪಾಲು ದೊಡ್ಡದೆಂದು ಕಂಡ ಆಯೋಗ, ಪ್ರತಿಯೊಬ್ಬನನ್ನೂ ಜೈಲಿಗೆ ಸೇರಿಸುವಾಗಲೇ ವೈದ್ಯಕೀಯವಾಗಿ ಪರೀಕ್ಷಿಸಬೇಕೆಂದು ಹೇಳಿ ಅದಕ್ಕೊಂದು ನಮೂನೆಯನ್ನೂ ಕಳಿಸಿತು. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಂಡೇಲಾ ನಿಯಮಗಳೂ ಇದನ್ನೇ ಹೇಳುತ್ತವೆ: ಸೇರಿದ ಕೂಡಲೇ ಪರೀಕ್ಷೆ, ಹೊರಗಿನವರಿಗೆ ಸಿಗುವಷ್ಟೇ ಚಿಕಿತ್ಸೆ. 27 ವರ್ಷ ಸೆರೆಯಲ್ಲಿದ್ದ ನೆಲ್ಸನ್ ಮಂಡೇಲಾಗೂ ಜೈಲಿನಲ್ಲಿರುವಾಗಲೇ, 1988ರಲ್ಲಿ, ಟಿಬಿ ಪತ್ತೆಯಾಗಿತ್ತು. ಚಿಕಿತ್ಸೆ ಸಿಕ್ಕಿತು, ಗುಣವಾದರು, ದೇಶದ ಅಧ್ಯಕ್ಷರೂ ಆದರು.

ನಿಯಮ ಇದ್ದರೂ ಎಲ್ಲರಿಗೂ ಹಾಗಾಗುವುದಿಲ್ಲ. 2020ರ ಮಾರ್ಚ್ 23ರಂದು, ಕೋವಿಡ್ ಹರಡುತ್ತಿದ್ದಾಗ, ಜೈಲುಗಳಲ್ಲಿ ಜನ ಕಡಿಮೆ ಮಾಡಲು ಸುಪ್ರೀಂ ಕೋರ್ಟು ರಾಜ್ಯಗಳಿಗೆ ಸಮಿತಿ ಮಾಡುವಂತೆ ಹೇಳಿತು. ಸಾವಿರಾರು ಜನ ಹೊರಗೆ ಬಂದರು. ಅದೇ ವರ್ಷ ಅಕ್ಟೋಬರ್ 8ರಂದು ಯೇಸುಸಭೆಯ ಗುರು ಫಾದರ್ ಸ್ಟ್ಯಾನ್ ಸ್ವಾಮಿ ಅವರ ಬಂಧನವಾಯಿತು. 1975ರಿಂದ 1986ರವರೆಗೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು ಅವರು. ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ಬದುಕಿದರು. ಭೀಮಾ ಕೋರೆಗಾಂವ್ ಕೇಸಿನಲ್ಲಿ ಅವರ ಮೇಲೆ ಯುಎಪಿಎ ಆರೋಪವಿತ್ತು. ಅವರು ಅದನ್ನು ನಿರಾಕರಿಸಿದ್ದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದ ಅವರು ನೀರು ಕುಡಿಯಲು ಸ್ಟ್ರಾ ಇರುವ ಲೋಟಕ್ಕೂ ಕೋರ್ಟಿನ ಮೊರೆ ಹೋಗಬೇಕಾಯಿತು. 2021ರ ಮೇ ಕೊನೆಗೆ ಬಾಂಬೆ ಹೈಕೋರ್ಟಿನ ಆದೇಶದಂತೆ ತಳೋಜಾ ಜೈಲಿನಿಂದ ಹೋಲಿ ಫ್ಯಾಮಿಲಿ ಆಸ್ಪತ್ರೆಗೆ ಸೇರಿಸಿದ ಮೇಲೆ ಕೋವಿಡ್ ಇರುವುದು ಗೊತ್ತಾಯಿತು. ಜುಲೈ 5ರಂದು, 84ನೇ ವಯಸ್ಸಿನಲ್ಲಿ, ವಿಚಾರಣೆ ಶುರುವಾಗುವ ಮೊದಲೇ ತೀರಿಕೊಂಡರು.

ನಾವೇನು ಮಾಡಬಹುದು

ಸಂತ ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯವನ್ನು ನಾವು ಬಾಯಿಪಾಠ ಬಲ್ಲೆವು. ಅಲ್ಲಿ ರೋಗಿಯ ಮಾತು ಮತ್ತು ಸೆರೆಯಲ್ಲಿರುವವನ ಮಾತು ಅಕ್ಕಪಕ್ಕದಲ್ಲೇ ಬರುತ್ತವೆ. ನಮ್ಮ ಹುಡುಗ ಎರಡೂ ಆಗಿದ್ದ. ಅವನ ಬಳಿಗೆ ಹೋಗಬೇಕಾದ ನಾವು ಬೆಂಚು ಬಿಟ್ಟು ಎದ್ದೆವು.

ಟಿಬಿ ಮಾತ್ರೆ ಸಾಮಾನ್ಯವಾಗಿ ಆರು ತಿಂಗಳು. ಎರಡು ತಿಂಗಳಿಗೇ ಕೆಮ್ಮು ನಿಂತು ಮೈ ಹಗುರವಾಗುತ್ತದೆ, ಆಗಲೇ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಬಿಟ್ಟರೆ ಮದ್ದಿಗೆ ಬಗ್ಗದ ಟಿಬಿ ಬರಬಹುದು. ಜಾಮೀನು ಸಿಕ್ಕಿ ಹೊರಗೆ ಬಂದವನಿಗೆ ಈ ಅಪಾಯ ಇನ್ನೂ ಹೆಚ್ಚು: ಒಳಗೆ ಮಾತ್ರೆ ಕೊಡುವವರಿದ್ದರು, ಹೊರಗೆ ನಾಚಿಕೆ, ಕೆಲಸವಿಲ್ಲ, ಕೇಳುವವರಿಲ್ಲ. ಆದ್ದರಿಂದ ಕೂಟದಲ್ಲಿ ಮೂರು ವಿಷಯ ಒಪ್ಪಿಕೊಂಡಿದ್ದೇವೆ.

ಒಂದು, ಅವನ ಮಾತ್ರೆ ಮುಗಿಯುವವರೆಗೆ ನಮ್ಮಲ್ಲಿ ಇಬ್ಬರು ಸರದಿಯಂತೆ ಅವನ ಜೊತೆ ಆರೋಗ್ಯ ಕೇಂದ್ರಕ್ಕೆ ಹೋಗುತ್ತೇವೆ. ಮನೆಗೆ ಮೊಟ್ಟೆ, ಬೇಳೆ ತಲುಪಿಸುತ್ತೇವೆ. ಆಶಾ ಅಕ್ಕ ಇದಕ್ಕೆ ಒಪ್ಪಿದ್ದಾರೆ.

ಎರಡು, ಅವನ ಮನೆಯವರೂ, ಅವನು ಕೆಮ್ಮುತ್ತಿದ್ದ ದಿನಗಳಲ್ಲಿ ಜೊತೆಗಿದ್ದ ನಾವೂ ಪರೀಕ್ಷೆ ಮಾಡಿಸಿಕೊಳ್ಳುತ್ತೇವೆ. ನಾನು ಮೊದಲು ಹೋಗಿ ಬಂದೆ.

ಮೂರು, ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಬೆವರು ಇದ್ದರೆ ನಾವೇ ಕೇಳುತ್ತೇವೆ. ಹೆದರಿಸಲು ಅಲ್ಲ, ಜೊತೆಗೆ ಹೋಗಲು.

ಜೈಲಿನಲ್ಲಿ ಕೆಲಸ ಮಾಡುವ ಒಬ್ಬ ಸಿಬ್ಬಂದಿ ಮೊದಲ ದಿನವೇ ಕೇಳಿದ್ದನ್ನು ನಾವು ಒಂದೂವರೆ ತಿಂಗಳು ಕೇಳಲಿಲ್ಲ. ಮುಂದಿನ ಭಾನುವಾರ ಪೂಜೆಗೆ ಬಂದಾಗ ಅವನ ಪಕ್ಕದಲ್ಲಿ ಜಾಗ ಖಾಲಿ ಇದ್ದರೆ ದಯವಿಟ್ಟು ಹೋಗಿ ಕುಳಿತುಕೊಳ್ಳಿ. ನಾನು ಒಂದು ಬದಿಯಲ್ಲಿ ಇರುತ್ತೇನೆ. ಇನ್ನೊಂದು ಬದಿ ನಿಮಗೆ.